ಸೋಂಕಿನ ಕಾಲದಲ್ಲಿ ಡಯಾಲಿಸಿಸ್: ತಪ್ಪಿಸದೇ ಹೋಗಿಬರುವುದು ಹೇಗೆ?

ಪ್ರಶ್ನೆ: ನಮ್ಮ ಆಯಿಗೆ 61 ವರ್ಷ. ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇದೆ. ಏಳೆಂಟು ತಿಂಗಳಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತಿದೆ. ನಮ್ಮ ಊರು ಗೋಕರ್ಣದ ಹತ್ತಿರ. ಕಾರವಾರಕ್ಕೆ ಒಮ್ಮೆ ಬಸ್ಸಿನಲ್ಲಿ ಹೋಗುತ್ತೇವೆ, ಒಮ್ಮೆ ಇನ್ನಿಬ್ಬರು ರೋಗಿಗಳ ಜೊತೆ ಸೇರಿ ಬಾಡಿಗೆ ವ್ಯಾನಿನಲ್ಲಿ. ಈಗ ಕುತ್ತಿಗೆಗೆ ಹಾಕಿದ ಪರ್ಮ್‌ಕ್ಯಾತ್ ಪೈಪಿನಿಂದ ಡಯಾಲಿಸಿಸ್ ಮಾಡುತ್ತಾರೆ. ಎಡಗೈಗೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲೆಂದು ಎರಡು ರಕ್ತನಾಳ ಜೋಡಿಸುವ ಆಪರೇಷನ್) ಮಾಡಿಸಿ ಒಂದು ತಿಂಗಳಾಯಿತು. ಕೊರೊನಾ ಮತ್ತೆ ಹಬ್ಬುತ್ತಿದೆ ಎನ್ನುತ್ತಾರೆ. ಹೋದ ವಾರ ಪಕ್ಕದ ಹಾಸಿಗೆಯವರು ನಾಲ್ಕು ಗಂಟೆಯೂ ಕೆಮ್ಮುತ್ತಲೇ ಇದ್ದರು. ನೆಂಟರು, ‘ಇದೆಲ್ಲ ಇಳಿಯುವ ತನಕ ವಾರಕ್ಕೆ ಒಂದೇ ಸಲ ಮಾಡಿಸಿ, ಮನೆಯಲ್ಲಿ ಕಷಾಯ ಕೊಡಿ’ ಎನ್ನುತ್ತಿದ್ದಾರೆ. ಹಾಗೆ ಮಾಡಬಹುದೇ? ಸೋಂಕು ತಗುಲದಂತೆ ಏನೇನು ನೋಡಿಕೊಳ್ಳಬೇಕು? ಜ್ವರ ಬಂದರೆ ಡಯಾಲಿಸಿಸ್ ಮಾಡುತ್ತಾರೋ, ವಾಪಸ್ ಕಳಿಸುತ್ತಾರೋ?

ಉತ್ತರ: ವಾರಕ್ಕೆ ಒಂದು ಸಲ ಮಾಡಿಸುವ ಮಾತನ್ನು ಇಲ್ಲಿಗೇ ಬಿಡಿ. ತಲಾ 4 ಗಂಟೆಯಂತೆ ಎರಡು ಸಲ ಮಾಡಿದರೂ ವಾರಕ್ಕೆ ಆಗುವುದು 8 ಗಂಟೆ. ಒಳ್ಳೆಯ ಮೂತ್ರಪಿಂಡ ವಾರದ 168 ಗಂಟೆಯೂ ಬಿಡುವಿಲ್ಲದೆ ಮಾಡುವ ಕೆಲಸವನ್ನು ಯಂತ್ರ 8 ಗಂಟೆಯಲ್ಲಿ ಹೇಗೋ ಸರಿದೂಗಿಸುತ್ತಿದೆ. ವೈದ್ಯಶಾಸ್ತ್ರದ ವಾಡಿಕೆ ವಾರಕ್ಕೆ ಮೂರು ಸಲ. ನಮ್ಮ ಕಡೆ ದೂರ, ಖರ್ಚು, ಪಾಳಿಯ ಕೊರತೆ ಎಲ್ಲ ಸೇರಿ ಅದು ಎಷ್ಟೋ ಜನರಿಗೆ ಎರಡಕ್ಕೆ ನಿಂತಿದೆ. ಅದರಲ್ಲೂ ಒಂದನ್ನು ಕಳೆದರೆ ನಡುವೆ ಏಳು ದಿನದ ಅಂತರ ಬೀಳುತ್ತದೆ. ಆ ಅಂತರದಲ್ಲಿ ರಕ್ತದ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪಬಹುದು. ಮೈಯಲ್ಲಿ ಉಳಿದ ನೀರು ಶ್ವಾಸಕೋಶಕ್ಕೆ ಇಳಿದು ನಡುರಾತ್ರಿ ಉಸಿರು ಕಟ್ಟಬಹುದು. ಪೊಟ್ಯಾಸಿಯಂ ಏರಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕಾಲು ಸೋತಂತೆ ಆಗುವುದಷ್ಟೇ ಸೂಚನೆ ಇರಬಹುದು, ಅದೂ ಇಲ್ಲದಿರಬಹುದು. 2020ರ ಮಾರ್ಚ್ 25ರಿಂದ ಇಡೀ ದೇಶ ಬಾಗಿಲು ಹಾಕಿಕೊಂಡಾಗಲೂ ಡಯಾಲಿಸಿಸ್ ನಿಲ್ಲಿಸಬಾರದು ಎಂದೇ ಸರ್ಕಾರದ ಸೂಚನೆ ಇದ್ದದ್ದು ಈ ಕಾರಣಕ್ಕೆ. ಎಷ್ಟು ಸಲ, ಎಷ್ಟು ಹೊತ್ತು ಎಂಬುದನ್ನು ಬದಲಿಸುವ ಅಧಿಕಾರ ನಿಮ್ಮ ಮೂತ್ರಪಿಂಡ ತಜ್ಞರಿಗೆ ಮಾತ್ರ. ಅವರೂ ರಕ್ತಪರೀಕ್ಷೆ, ತೂಕ, ಮೂತ್ರದ ಪ್ರಮಾಣ ನೋಡಿಯೇ ನಿರ್ಧರಿಸುತ್ತಾರೆ.

ಹಾಗೆಂದು ನಿಮ್ಮ ಹೆದರಿಕೆ ಸುಳ್ಳಲ್ಲ. ಮೂತ್ರಪಿಂಡ ಸೋತವರಲ್ಲಿ ಸೋಂಕಿನ ವಿರುದ್ಧ ಹೋರಾಡುವ ರಕ್ತಕಣಗಳೂ ಮಂಕಾಗಿರುತ್ತವೆ. ಜೊತೆಗೆ ಸಕ್ಕರೆ ಕಾಯಿಲೆ, ವಯಸ್ಸು. ಉಳಿದವರು ಸೋಂಕಿನ ಕಾಲದಲ್ಲಿ ಮನೆಯಲ್ಲಿ ಕುಳಿತುಬಿಡಬಹುದು. ಡಯಾಲಿಸಿಸ್ ರೋಗಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಸೋಂಕು ಯಾವ ದಾರಿಯಲ್ಲಿ ಬರುತ್ತದೆ ಎಂದು ಗುರುತಿಸಿ ಆ ದಾರಿಯನ್ನೇ ಮುಚ್ಚಬೇಕು.

ಹೆಚ್ಚಿನವರು ಅನುಮಾನಪಡುವುದು ಯಂತ್ರವನ್ನು. ಹಿಂದಿನ ಪಾಳಿಯಲ್ಲಿ ಕೊರೊನಾ ಇದ್ದವರಿಗೆ ಅದೇ ಯಂತ್ರ ಹಾಕಿದ್ದರೆ ಏನು ಗತಿ ಎಂದು ಕೇಳುತ್ತಾರೆ. ಕೊರೊನಾ, ಫ್ಲೂ ಇವೆಲ್ಲ ಮೂಗು ಬಾಯಿಯ ದಾರಿಯಲ್ಲಿ ಬರುವ ವೈರಾಣುಗಳು. ಯಂತ್ರದ ಒಳಗಿನಿಂದ ಅವು ಒಬ್ಬರಿಂದ ಒಬ್ಬರಿಗೆ ದಾಟುವುದಿಲ್ಲ. ಯಂತ್ರದ ಹೊರಮೈ, ಕುರ್ಚಿಯ ಕೈ, ಬಿಪಿ ಪಟ್ಟಿ, ಮೇಜು ಇವನ್ನು ಪ್ರತಿ ರೋಗಿಯ ನಂತರ ಸೋಂಕುನಿವಾರಕದಿಂದ ಒರೆಸಿದರೆ ಆ ಚಿಂತೆ ಮುಗಿಯಿತು. ನಿಜವಾಗಿ ಸೋಂಕು ಅಂಟುವುದು ಮೂರು ಕಡೆ: ಕಿಟಕಿ ಮುಚ್ಚಿದ ವ್ಯಾನಿನಲ್ಲಿ, ಪಾಳಿಗಾಗಿ ಕಾಯುವ ಜಾಗದಲ್ಲಿ, ಮಾಸ್ಕ್ ಕೆಳಗಿಳಿಸಿ ಎಲ್ಲರೂ ಒಟ್ಟಿಗೆ ತಿಂಡಿ ತಿನ್ನುವ ಹೊತ್ತಿನಲ್ಲಿ.

ಗೋಕರ್ಣದಿಂದ ಕಾರವಾರ ಅಂದರೆ ಹೋಗುವುದಕ್ಕೇ ಗಂಟೆಯ ಮೇಲೆ ಬೇಕು. ಮಳೆ ಬಂತೆಂದು ಗಾಜು ಏರಿಸಿ, ಎಸಿ ಹಾಕಿ, ಐದಾರು ಜನ ಕೂತ ವ್ಯಾನು ಡಯಾಲಿಸಿಸ್ ಹಾಲಿಗಿಂತ ಕೆಟ್ಟದ್ದು. ಹಾಲ್ ದೊಡ್ಡದು, ಅಲ್ಲಿ ಹಾಸಿಗೆಗಳ ನಡುವೆ ಸ್ವಲ್ಪವಾದರೂ ಅಂತರ ಇರುತ್ತದೆ. ವ್ಯಾನಿನ ಎದುರು ಬದುರಿನ ಎರಡು ಕಿಟಕಿಗಳನ್ನು ಮೂರು ನಾಲ್ಕು ಬೆರಳಗಲವಾದರೂ ತೆರೆದಿಡಿ. ಎರಚಲು ಬಂದರೆ ಟವೆಲ್ ಹಿಡಿಯಿರಿ. ಒಂದೇ ಬದಿಯ ಕಿಟಕಿ ತೆರೆದರೆ ಗಾಳಿ ಹಾಯುವುದಿಲ್ಲ. ಎಸಿ ಬೇಕೇ ಬೇಕಾದರೆ ಹೊರಗಿನ ಗಾಳಿ ಎಳೆಯುವ ಗುಂಡಿ ಒತ್ತಿರಲಿ. ಡ್ರೈವರ್ ಸೇರಿ ಎಲ್ಲರಿಗೂ ಮಾಸ್ಕ್. ಮೂವರಲ್ಲಿ ಒಬ್ಬರಿಗೆ ಜ್ವರ, ಕೆಮ್ಮು ಬಂದರೆ ಆ ದಿನ ಅವರು ಬೇರೆ ಗಾಡಿಯಲ್ಲಿ ಬರಬೇಕು ಎಂದು ಮೊದಲೇ ಮಾತಾಡಿಕೊಂಡಿರಿ. ಆ ಹೊತ್ತಿಗೆ ಹೇಳಲು ಹೋದರೆ ಮನಸ್ತಾಪವಾಗುತ್ತದೆ. ಬಸ್ಸಾದರೆ ಕಿಟಕಿಯ ಬದಿ ಸೀಟು ಹಿಡಿಯಿರಿ, ನಿಲ್ಲುವಷ್ಟು ರಶ್ಶಿರುವ ಬಸ್ಸನ್ನು ಬಿಟ್ಟುಬಿಡಿ.

ಮಾಸ್ಕ್ ಬಗ್ಗೆ ಒಂದು ಮಾತು. ಬಟ್ಟೆಯದು ಸಾಲದು. ಆಯಿಗೆ ತಡೆದುಕೊಳ್ಳಲು ಆದರೆ ಕವಾಟ ಇಲ್ಲದ ಎನ್-95, ಆಗದಿದ್ದರೆ ಮೂರು ಪದರದ ಸರ್ಜಿಕಲ್ ಮಾಸ್ಕ್. ಮೂಗಿನ ಮೇಲಿನ ತಂತಿ ಒತ್ತಿ ಕೂರಿಸಬೇಕು. ಉಸಿರು ಬಿಟ್ಟಾಗ ಕನ್ನಡಕ ಮಂಜಾದರೆ ಅದು ಸರಿಯಾಗಿ ಕೂತಿಲ್ಲ. ಮಳೆಯಲ್ಲಿ ಒದ್ದೆಯಾದ ಮಾಸ್ಕ್ ಕೆಲಸಕ್ಕೆ ಬಾರದು. ಹಾಗಾಗಿ ದಾರಿಗೊಂದು, ಹಾಲಿಗೊಂದು, ವಾಪಸ್ಸಿಗೊಂದು ಎಂದು ಮೂರು ಇಟ್ಟುಕೊಳ್ಳಿ. ಎನ್-95 ಮತ್ತೆ ಬಳಸುವುದಾದರೆ ಐದಾರು ಮಾಸ್ಕ್‌ಗಳನ್ನು ಸರದಿಯಲ್ಲಿ ಹಾಕಿ, ಬಳಸಿದ್ದನ್ನು ಕಾಗದದ ಲಕೋಟೆಯಲ್ಲಿ ಕನಿಷ್ಠ 5 ದಿನ ಒಣಗಲು ಬಿಡಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ನಮ್ಮ ಕರಾವಳಿಯ ತೇವಕ್ಕೆ ಬೂಸಲು ಹಿಡಿಯುತ್ತದೆ. ತೊಳೆಯಬಾರದು.

ಆಸ್ಪತ್ರೆಗೆ ಪಾಳಿಯ ಹೊತ್ತಿಗೆ ಸರಿಯಾಗಿ ಹೋಗಿ. ಗಂಟೆ ಮುಂಚೆ ಹೋಗಿ ಬೆಂಚಿನ ಮೇಲೆ ಸಾಲಾಗಿ ಕೂರುವುದರಿಂದ ಲಾಭವಿಲ್ಲ. ಹಿಂದಿನ ಪಾಳಿಯವರು ಹೊರಬರುವವರೆಗೆ ಗಾಡಿಯಲ್ಲೋ ಹೊರಗಿನ ಜಗಲಿಯಲ್ಲೋ ಇದ್ದು ಫೋನ್ ಬಂದಾಗ ಒಳಗೆ ಹೋಗಬಹುದೇ ಎಂದು ಸಿಸ್ಟರ್ ಹತ್ತಿರ ಕೇಳಿ. ಜೊತೆಗೆ ಒಬ್ಬರೇ ಸಾಕು, ಅವರೂ ಹಾಲಿನ ಹೊರಗೇ.

ಪಕ್ಕದ ಹಾಸಿಗೆಯವರು ಕೆಮ್ಮುತ್ತಿದ್ದರೆ ಸುಮ್ಮನಿರಬೇಡಿ, ಅವರ ಮೇಲೆ ರೇಗಲೂ ಬೇಡಿ. ನೀರು ತುಂಬಿದ ರೋಗಿಯೂ ಕೆಮ್ಮುತ್ತಾರೆ, ಬಿಪಿಯ ಕೆಲವು ಮಾತ್ರೆಗಳಿಂದಲೂ ಒಣಕೆಮ್ಮು ಬರುತ್ತದೆ. ಅದು ಯಾವುದು ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ಸಿಸ್ಟರಿಗೆ ಹೇಳಿ: ಅವರಿಗೆ ಮಾಸ್ಕ್ ಕೊಡಿಸಿ, ಆಗುವುದಾದರೆ ಅವರನ್ನು ಮೂಲೆಯ ಹಾಸಿಗೆಗೆ ಬದಲಿಸಿ, ನಡುವೆ ಕನಿಷ್ಠ 6 ಅಡಿ ಇರಲಿ, ಆ ಬದಿಯ ಕಿಟಕಿ ತೆರೆಯಿರಿ ಎಂದು. ಜ್ವರ, ಕೆಮ್ಮು ಇರುವವರಿಗೆ ದಿನದ ಕೊನೆಯ ಪಾಳಿ ಕೊಡುವುದು ಒಳ್ಳೆಯ ಪದ್ಧತಿ. ಅವರ ನಂತರ ಇಡೀ ಹಾಲನ್ನು ಸ್ವಚ್ಛಗೊಳಿಸಿ ರಾತ್ರಿಯಿಡೀ ಗಾಳಿಯಾಡಲು ಬಿಡಬಹುದು.

ತಿಂಡಿಯ ವಿಷಯ ಸಕ್ಕರೆ ಕಾಯಿಲೆಯವರಿಗೆ ನಾಜೂಕು. ಡಯಾಲಿಸಿಸ್ ಹಾಲಿನ ಒಳಗೆ ಏನೂ ತಿನ್ನದಿರುವುದೇ ಒಳ್ಳೆಯದು. ಮಾಸ್ಕ್ ಇಳಿಸಬೇಕಾಗುತ್ತದೆ ಎಂಬುದು ಒಂದು ಕಾರಣ. ಹೊಟ್ಟೆಗೆ ಬಿದ್ದ ಕೂಡಲೇ ರಕ್ತ ಆ ಕಡೆ ಹರಿದು ಬಿಪಿ ಕುಸಿಯುತ್ತದೆ ಎಂಬುದು ಇನ್ನೊಂದು. ಹೊರಡುವ ಮೊದಲು ಇಡ್ಲಿಯೋ ಚಪಾತಿಯೋ ಹೊಟ್ಟೆತುಂಬ ತಿನ್ನಿಸಿ. ಡಯಾಲಿಸಿಸ್ ದಿನದ ಬೆಳಗಿನ ಇನ್ಸುಲಿನ್ ಎಷ್ಟು ಎಂದು ವೈದ್ಯರಿಂದ ಬರೆಸಿಕೊಳ್ಳಿ. ಮಧ್ಯೆ ಬೆವರು, ನಡುಕ ಬಂದು ಸಕ್ಕರೆ ಇಳಿದದ್ದು ಖಚಿತವಾದರೆ ಆಗ ಮಾಸ್ಕ್ ನಿಯಮ ನೋಡುತ್ತ ಕೂರಬೇಡಿ. 15 ಗ್ರಾಂ ಗ್ಲೂಕೋಸ್ ಪುಡಿಯನ್ನು ಕಾಲು ಲೋಟ ನೀರಿನಲ್ಲಿ ಕಲಸಿ ಕುಡಿಸಿ, ಮಾಸ್ಕ್ ಏರಿಸಿ. ಪುಡಿಯನ್ನು ಮನೆಯಿಂದಲೇ ಪೊಟ್ಟಣ ಕಟ್ಟಿ ಒಯ್ದಿರಿ.

ಈಗ ನಿಮ್ಮ ಪ್ರಶ್ನೆಯಲ್ಲಿ ನೀವು ಹೆಚ್ಚು ಗಮನ ಕೊಡದೆ ಬರೆದ ಒಂದು ಸಂಗತಿಗೆ ಬರುತ್ತೇವೆ: ಕುತ್ತಿಗೆಯ ಪೈಪು. ಕೊರೊನಾ ಹೆದರಿಕೆಯ ನಡುವೆ ಎಲ್ಲರೂ ಮರೆಯುವುದು ಇದನ್ನೇ. ಈ ಪೈಪಿನ ತುದಿ ಹೃದಯದ ಬಾಗಿಲಲ್ಲಿದೆ. ಹೊರತುದಿಯಲ್ಲಿ ಸೇರಿದ ಬ್ಯಾಕ್ಟೀರಿಯಾ ನೇರವಾಗಿ ರಕ್ತಕ್ಕೇ ಹೋಗುತ್ತದೆ, ನಡುವೆ ಚರ್ಮದ ಅಡ್ಡಗೋಡೆ ಇಲ್ಲ. ಫಿಸ್ಟುಲಾಕ್ಕೆ ಹೋಲಿಸಿದರೆ ಪೈಪಿನಿಂದ ರಕ್ತಕ್ಕೆ ಸೋಂಕು ಸೇರುವ ಅಪಾಯ ಹಲವು ಪಟ್ಟು. ಆಯಿಯ ಪಾಲಿಗೆ ಪಕ್ಕದವರ ಕೆಮ್ಮಿನಷ್ಟೇ ಇದೂ ದೊಡ್ಡದು.

ಪೈಪು ಜೋಡಿಸುವ ಮತ್ತು ಬಿಚ್ಚುವ ಎರಡು ನಿಮಿಷ ಅತಿ ಮುಖ್ಯ. ಆಗ ಆಯಿಗೂ ಸಿಸ್ಟರಿಗೂ ಇಬ್ಬರಿಗೂ ಮಾಸ್ಕ್ ಇರಬೇಕು; ಆಯಿ ಮುಖವನ್ನು ಪೈಪಿಲ್ಲದ ಬದಿಗೆ ತಿರುಗಿಸಬೇಕು, ಮಾತಾಡಬಾರದು. ಫ್ಯಾನ್ ಆರಿಸಬೇಕು. ಸಿಸ್ಟರ್ ಕೈ ಶುಚಿ ಮಾಡಿಕೊಂಡು ಹೊಸ ಗ್ಲೌಸ್ ಹಾಕುತ್ತಾರೆ. ಮುಚ್ಚಳ ತೆಗೆದ ಮೇಲೆ ಪೈಪಿನ ಬಾಯಿಯನ್ನು ಸ್ಪಿರಿಟ್ ಅಥವಾ ಕ್ಲೋರ್‌ಹೆಕ್ಸಿಡಿನ್ ಪ್ಯಾಡಿನಿಂದ ಕನಿಷ್ಠ 15 ಸೆಕೆಂಡ್ ತಿರುವಿ ಉಜ್ಜಿ, ಆರಲು ಬಿಟ್ಟು, ಆಮೇಲೆ ಟ್ಯೂಬು ಜೋಡಿಸಬೇಕು. ಆರುವ ಮೊದಲೇ ಜೋಡಿಸಿದರೆ ಉಜ್ಜಿದ್ದಕ್ಕೆ ಅರ್ಧ ಫಲ. ಎರಡು ರೋಗಿಗಳ ನಡುವೆ ಗ್ಲೌಸ್ ಬದಲಾಗದೇ ಇದ್ದರೆ ಕೇಳುವ ಹಕ್ಕು ನಿಮಗಿದೆ. ಕೇಳುವ ರೀತಿಯೂ ಮುಖ್ಯ. ‘ಸಿಸ್ಟರ್, ಆಯಿಗೆ ಹೋದ ಸಲ ಚಳಿ ಬಂದಿತ್ತು, ಹೆದರಿಕೆ ಆಗ್ತದೆ, ಹೊಸ ಗ್ಲೌಸ್ ಹಾಕ್ಕೊಳ್ತೀರಾ?’ ಎಂದರೆ ಯಾರಿಗೂ ಬೇಸರವಾಗುವುದಿಲ್ಲ. ನಾಲ್ಕಾರು ಯಂತ್ರಗಳನ್ನು ಒಬ್ಬರೇ ನೋಡುವ ಹಾಲಿನಲ್ಲಿ ಮರೆವು ಸಹಜ, ಅದನ್ನು ದುರುದ್ದೇಶ ಎಂದುಕೊಳ್ಳಬೇಡಿ.

ಮನೆಯಲ್ಲಿ ಪೈಪಿನ ಶತ್ರು ನೀರು. ಬಚ್ಚಲಿಗೆ ಹೋಗಿ ಹಂಡೆಯ ಬಿಸಿನೀರನ್ನು ತಲೆಯಿಂದ ಹೊಯ್ದುಕೊಳ್ಳುವ ರೂಢಿ ಈಗ ಬಿಡಬೇಕು. ಸೊಂಟದ ಕೆಳಗೆ ಸ್ನಾನ, ಮೇಲೆ ಒದ್ದೆ ಬಟ್ಟೆಯಿಂದ ಒರೆಸುವುದು; ತಲೆಯನ್ನು ಹಿಂದಕ್ಕೆ ಬಾಗಿಸಿ ಇನ್ನೊಬ್ಬರು ತೊಳೆದುಕೊಡಬೇಕು. ಡ್ರೆಸ್ಸಿಂಗ್ ಮೇಲೆ ಪ್ಲಾಸ್ಟಿಕ್ ಕಟ್ಟಿ ನೀರು ಹೊಯ್ದುಕೊಳ್ಳುವವರು ಬಹಳ. ಅಂಚಿನಿಂದ ಇಳಿದ ನೀರು ಒಳಗೇ ನಿಂತು ಅದು ಇನ್ನೂ ಹಾಳು. ಮೇ ತಿಂಗಳ ಬೆವರು, ಆಷಾಢದ ಒಣಗದ ಬಟ್ಟೆ ಎರಡೂ ಡ್ರೆಸ್ಸಿಂಗನ್ನು ಒದ್ದೆ ಮಾಡುತ್ತವೆ. ಅರೆ ಒಣಗಿದ ಸೀರೆ ಸೆರಗನ್ನು ಆ ಭುಜದ ಮೇಲೆ ಹಾಕಬೇಡಿ, ಕರಿಮಣಿ ಸರ ಪೈಪಿಗೆ ತಾಗದಂತೆ ಇರಲಿ. ಅಂಟು ಎದ್ದರೆ, ಒದ್ದೆಯಾದರೆ ಮುಂದಿನ ಪಾಳಿಯವರೆಗೆ ಕಾಯದೆ ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಬದಲಿಸಿ. ಆದರೆ ಡ್ರೆಸ್ಸಿಂಗ್ ಮಾತ್ರ. ಡಯಾಲಿಸಿಸ್ ಸಿಬ್ಬಂದಿ ಬಿಟ್ಟು ಬೇರೆ ಯಾರೂ ಪೈಪಿನ ಮುಚ್ಚಳ ತೆಗೆಯಬಾರದು. ಅದರಿಂದ ರಕ್ತ ತೆಗೆಯುವುದು, ಸಲೈನ್ ಹಾಕುವುದು ಬೇಡವೇ ಬೇಡ. ಕ್ಲ್ಯಾಂಪ್ ಸಡಿಲವಿದ್ದಾಗ ಮುಚ್ಚಳ ತೆಗೆದರೆ ಗಾಳಿ ಒಳಗೆ ಎಳೆದುಕೊಂಡು ಪ್ರಾಣಕ್ಕೇ ಬರಬಹುದು.

ಈ ಪೈಪು ಬೇಗ ಹೋಗಬೇಕು ಎಂದರೆ ಫಿಸ್ಟುಲಾ ಬೇಗ ಹಣ್ಣಾಗಬೇಕು. ಸಾಮಾನ್ಯವಾಗಿ 6ರಿಂದ 8 ವಾರ ಬೇಕು, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಕೆಲ ವಾರ ಹೋಗಬಹುದು. ಮೆತ್ತನೆಯ ಚೆಂಡು ಹಿಸುಕುವ ವ್ಯಾಯಾಮ ಎಷ್ಟು ಸಲ ಎಂದು ಸರ್ಜನ್ ಹೇಳಿದ್ದರೆ ಅದನ್ನು ತಪ್ಪಿಸಬೇಡಿ. ದಿನಾ ಬೆಳಿಗ್ಗೆ ಗಾಯದ ಮೇಲ್ಭಾಗದಲ್ಲಿ ಬೆರಳಿಟ್ಟು ಝುಮ್ಮೆನ್ನುವ ಕಂಪನ ಇದೆಯೇ ನೋಡಿ. ಕಂಪನ ನಿಂತಿದ್ದರೆ ಅದೇ ದಿನ ಫೋನ್ ಮಾಡಿ. ಮೊದಲ ದಿನವೇ ಗೊತ್ತಾದರೆ ಹೆಪ್ಪನ್ನು ತೆಗೆದು ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ಎಡಗೈಯಲ್ಲಿ ಬಿಪಿ ನೋಡಿಸಬೇಡಿ, ರಕ್ತ ತೆಗೆಸಬೇಡಿ, ಬಿಗಿ ಬಳೆ ಬೇಡ, ಆ ಕೈ ತಲೆದಿಂಬಾಗಿ ಮಲಗುವುದೂ ಬೇಡ. ಸೂಜಿ ಹಾಕಲು ಶುರುವಾದ ಮೇಲೆ ಪ್ರತಿ ಸಲ ಹಾಸಿಗೆಗೆ ಹೋಗುವ ಮೊದಲು ಆ ಕೈಯನ್ನು ಮೊಳಕೈವರೆಗೆ ಸೋಪು ಹಾಕಿ ತೊಳೆಯಬೇಕು. ಸ್ಯಾನಿಟೈಸರ್ ಎರಚಿಕೊಳ್ಳುವುದು ಇದಕ್ಕೆ ಬದಲಿಯಲ್ಲ.

ಯಂತ್ರದಿಂದ ಕೊರೊನಾ ಬರುವುದಿಲ್ಲ ಎಂದೆವು. ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ ಮತ್ತು ಸಿ ವಿಷಯ ಬೇರೆ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ 7 ದಿನ ಬದುಕುತ್ತದೆ. ಅದಿರುವ ರೋಗಿಗೆ ಪ್ರತ್ಯೇಕ ಯಂತ್ರ, ಪ್ರತ್ಯೇಕ ಜಾಗ ಕಡ್ಡಾಯ. ನಮ್ಮಲ್ಲಿ ಅನೇಕ ಕಡೆ ಡಯಲೈಜರನ್ನು (ರಕ್ತ ಸೋಸುವ ಕೊಳವೆ) ತೊಳೆದು ಅದೇ ರೋಗಿಗೆ ಮತ್ತೆ ಬಳಸುತ್ತಾರೆ. ಹಾಗಿದ್ದರೆ ಅದರ ಮೇಲೆ ಆಯಿಯ ಹೆಸರು, ನಂಬರು ಬರೆದಿರುತ್ತದೆ. ಜೋಡಿಸುವ ಮೊದಲು ಆ ಚೀಟಿಯನ್ನು ಒಮ್ಮೆ ನೀವೇ ಓದಿ, ಅಥವಾ ಆಯಿಗೆ ಓದಲು ಹೇಳಿ. ಒಂದೇ ಹೆಸರಿನ ಇಬ್ಬರು ಒಂದೇ ಪಾಳಿಯಲ್ಲಿ ಇರುವುದು ಅಪರೂಪವೇನಲ್ಲ.

ನೀರಿನದೂ ಒಂದು ಸಂಗತಿ ಇದೆ, ರೋಗಿಗಿಂತ ತಂತ್ರಜ್ಞರು ನೋಡಬೇಕಾದ್ದು. ನಿಮಿಷಕ್ಕೆ 500 ಮಿ.ಲೀ. ಲೆಕ್ಕದಲ್ಲಿ ಒಂದು ಪಾಳಿಗೆ 120 ಲೀಟರ್ ದ್ರಾವಣ ಆಯಿಯ ರಕ್ತದ ಪಕ್ಕದಲ್ಲೇ, ತೆಳು ಪೊರೆಯ ಆಚೆ ಹರಿಯುತ್ತದೆ. ಮಳೆಗಾಲದಲ್ಲೋ ಸೋಂಕಿನ ಭಯದಲ್ಲೋ ನಲ್ಲಿ ನೀರಿಗೆ, ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹೆಚ್ಚು ಸುರಿದರೆ ಆ ಕ್ಲೋರಿನ್ ಆರ್‌ಒ ಘಟಕದ ಇಂಗಾಲದ ಫಿಲ್ಟರನ್ನು ದಾಟಿ ಬಂದು ರಕ್ತಕಣಗಳನ್ನು ಒಡೆಯಬಹುದು. ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿ.ಗ್ರಾಂ ಮೀರಬಾರದು, ಪ್ರತಿ ಪಾಳಿಗೆ ಮುಂಚೆ ಪರೀಕ್ಷಿಸಬೇಕು. ಟ್ಯಾಂಕಿಗೆ ಕ್ಲೋರಿನ್ ಹಾಕಿದ ದಿನ ನೀರಿನ ಮನುಷ್ಯ ಡಯಾಲಿಸಿಸ್ ಘಟಕಕ್ಕೆ ಒಂದು ಮಾತು ತಿಳಿಸಬೇಕು.

ಮನೆಗೆ ಬಂದ ಮೇಲೆ ಕೈ ತೊಳೆದು ಬಟ್ಟೆ ಬದಲಿಸಿದರೆ ಸಾಕು. ಮೈಮೇಲೆ ಸೋಂಕುನಿವಾರಕ ಸಿಂಪಡಿಸುವುದು, ಬಿಸಿ ಹಬೆಗೆ ಮತ್ತೆ ಮತ್ತೆ ಮುಖ ಒಡ್ಡುವುದು ಉಪಯೋಗವಿಲ್ಲದ ಕಷ್ಟ. ಹಬೆಯ ಪಾತ್ರೆ ಮಗುಚಿ ಸುಟ್ಟುಕೊಂಡವರಿದ್ದಾರೆ. ಬಾಗಿಲ ಚಿಲಕ, ಮೇಜು ಒರೆಸಲು ಒಂದು ಲೀಟರ್ ನೀರಿಗೆ 3 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಹಾಕಿದರೆ ಸುಮಾರು 0.1 ಶೇಕಡಾ ದ್ರಾವಣವಾಗುತ್ತದೆ. ರಕ್ತ ಬಿದ್ದ ಜಾಗಕ್ಕೆ 30 ಗ್ರಾಂ ಹಾಕಿ, 10 ನಿಮಿಷ ಬಿಟ್ಟು ಒರೆಸಿ. ಆ ದಿನದ್ದು ಆ ದಿನಕ್ಕೆ. ಪುಡಿಯ ಪೊಟ್ಟಣ ಬಾಯಿಬಿಟ್ಟಿದ್ದರೆ ನಮ್ಮ ಮಳೆಗಾಲದ ಗಾಳಿಗೆ ಸತ್ವ ಹೋಗುತ್ತದೆ. ಮುದ್ದೆಗಟ್ಟಿ ವಾಸನೆಯಿಲ್ಲದ ಪುಡಿಯನ್ನು ಎಸೆಯಿರಿ. ಪಾಯಿಖಾನೆ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷದ ಅನಿಲ ಏಳುತ್ತದೆ.

ಜ್ವರ ಬಂದರೆ? ಡಯಾಲಿಸಿಸ್ ರೋಗಿಗಳ ಮೈಬಿಸಿ ಉಳಿದವರಿಗಿಂತ ತುಸು ಕಡಿಮೆಯೇ ಇರುತ್ತದೆ. ಆರಾಮಿದ್ದಾಗಲೇ ನಾಲ್ಕಾರು ದಿನ ಥರ್ಮಾಮೀಟರ್ ಇಟ್ಟು ಆಯಿಯ ಮಾಮೂಲಿ ಎಷ್ಟು ಎಂದು ಬರೆದಿಡಿ. ಮಾಮೂಲಿ 97 ಇರುವವರಿಗೆ 99.5 ಡಿಗ್ರಿಯೂ ಜ್ವರವೇ. 100 ಆಗುವವರೆಗೆ ಕಾಯಬೇಡಿ. ಜ್ವರ, ಕೆಮ್ಮು, ಗಂಟಲು ನೋವು, ಭೇದಿ ಯಾವುದಿದ್ದರೂ ಹೊರಡುವ ಮೊದಲೇ ಘಟಕಕ್ಕೆ ಫೋನ್ ಮಾಡಿ. ಮುಚ್ಚಿಟ್ಟು ಹೋಗಿ ಬಾಗಿಲಲ್ಲಿ ಸಿಕ್ಕಿಬಿದ್ದರೆ ಎಲ್ಲರಿಗೂ ಗಲಿಬಿಲಿ. ಮೊದಲೇ ಹೇಳಿದರೆ ಕೊನೆಯ ಪಾಳಿ, ಬೇರೆ ಕೋಣೆ ಹೊಂದಿಸಲು ಅವರಿಗೆ ಸಮಯ ಸಿಗುತ್ತದೆ. ಜ್ವರ ಇದೆ ಎಂಬ ಕಾರಣಕ್ಕೆ ಡಯಾಲಿಸಿಸ್ ನಿರಾಕರಿಸುವಂತಿಲ್ಲ. ಅಲ್ಲಿ ಮಾಡಲಾಗದಿದ್ದರೆ ಎಲ್ಲಿ ಮಾಡುತ್ತಾರೆ ಎಂದು ಹೇಳಿ ಕಳಿಸುವುದು ಅವರ ಹೊಣೆ. ಈ ಪ್ರಶ್ನೆಯನ್ನು ಇವತ್ತೇ ಕೇಳಿಡಿ: ‘ಆಯಿಗೆ ಪಾಸಿಟಿವ್ ಬಂದರೆ ಎಲ್ಲಿಗೆ ಕರೆದುಕೊಂಡು ಹೋಗಬೇಕು?’

ಪೈಪು ಇರುವವರಿಗೆ ಡಯಾಲಿಸಿಸ್ ಶುರುವಾಗಿ ಅರ್ಧ ಮುಕ್ಕಾಲು ಗಂಟೆಯಲ್ಲಿ ಹಲ್ಲು ಕಟಕಟ ಎನ್ನುವಷ್ಟು ಚಳಿ ನಡುಕ ಬಂದರೆ ಮೊದಲು ಅನುಮಾನಿಸಬೇಕಾದ್ದು ಪೈಪಿನ ಸೋಂಕನ್ನು, ಕೊರೊನಾ ಆಮೇಲೆ. ಆಗ ಪೈಪಿನಿಂದಲೂ ಕೈನರದಿಂದಲೂ ರಕ್ತ ತೆಗೆದು, ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಿ ಆಮೇಲೆ ಆಂಟಿಬಯೋಟಿಕ್ ಹಾಕುತ್ತಾರೆ. ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ ತಂದು ನುಂಗಿಸಿಕೊಂಡು ಹೋದರೆ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ, ಸೋಂಕು ಒಳಗೇ ಇರುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ ಕೊಡಬಹುದು, ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಬೇಡ.

ನಮ್ಮ ಜಿಲ್ಲೆಯಲ್ಲಿ ಜ್ವರ ಎಂದರೆ ಕೊರೊನಾ ಒಂದೇ ಅಲ್ಲ ಎಂಬುದೂ ನೆನಪಿರಲಿ. ಗದ್ದೆ, ಕೆಸರಿನ ಕೆಲಸದ ಕಾಲದಲ್ಲಿ ಇಲಿಜ್ವರ, ಮಳೆಯ ನಡುವೆ ಡೆಂಗಿ, ಸಿದ್ದಾಪುರ ಹೊನ್ನಾವರದ ಕಾಡಂಚಿನಲ್ಲಿ ಬೇಸಿಗೆಯವರೆಗೂ ಉಣುಗಿನಿಂದ ಬರುವ ಮಂಗನ ಕಾಯಿಲೆ. ಡೆಂಗಿ, ಮಂಗನ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕುತ್ತಾರೆ. ಎರಡೂ ಸೇರಿದರೆ ರಕ್ತಸ್ರಾವ. ಜ್ವರದ ರೋಗಿ ಯಂತ್ರಕ್ಕೆ ಹೋಗುವ ಮೊದಲು ಪ್ಲೇಟ್‌ಲೆಟ್ ನೋಡಿಸಿ, ಬೇಕಾದರೆ ಹೆಪಾರಿನ್ ಇಲ್ಲದೆಯೇ ಡಯಾಲಿಸಿಸ್ ಮಾಡಲು ಬರುತ್ತದೆ.

ಉಬ್ಬಸ ಬಂದಾಗ ನೀರು ತುಂಬಿದ್ದೋ ನ್ಯುಮೋನಿಯಾವೋ ಎಂದು ಮನೆಯಲ್ಲಿ ಹೇಳುವುದು ಕಷ್ಟ. ಮಲಗಿದರೆ ಹೆಚ್ಚು, ಎದ್ದು ಕೂತರೆ ಕಡಿಮೆ, ತೂಕ ಎರಡು ಮೂರು ಕಿಲೋ ಏರಿದೆ, ಕಾಲು ಊದಿದೆ ಎಂದರೆ ನೀರಿನ ಕಡೆಗೆ ಬೊಟ್ಟು. ಆದರೂ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಲೆಕ್ಕ ಹಾಕುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಕೊರೊನಾ ಖಚಿತವಾದರೆ ಮೊದಲ ದಿನವೇ ಮೂತ್ರಪಿಂಡ ತಜ್ಞರಿಗೆ ತಿಳಿಸಿ. ವೈರಾಣು ತಡೆಯುವ ಔಷಧಗಳು ಲಕ್ಷಣ ಶುರುವಾದ ಮೊದಲ 5 ದಿನದಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತವೆ, ಮತ್ತು ಅವುಗಳಲ್ಲಿ ಕೆಲವಕ್ಕೆ ಡಯಾಲಿಸಿಸ್ ರೋಗಿಯ ಪ್ರಮಾಣವೇ ಬೇರೆ.

ಇನ್ನು ಕಷಾಯ. ಒಂದು ಲೋಟ ಕಷಾಯ 200 ಮಿ.ಲೀ. ನೀರು; ದಿನಕ್ಕೆ ಮೂರು ಲೋಟ ಕುಡಿದರೆ ಆಯಿಯ ಇಡೀ ದಿನದ ಪಾಲಿನ ಹೆಚ್ಚಿನಂಶ ಅಲ್ಲಿಗೇ ಮುಗಿಯಿತು. ಹಿಂದಿನ ದಿನ ಬಂದ ಮೂತ್ರದ ಪ್ರಮಾಣಕ್ಕೆ 500 ಮಿ.ಲೀ. ಸೇರಿಸಿದರೆ ಅದು ಒಟ್ಟು ದ್ರವದ ಮಿತಿ. ಗಂಜಿಯ ತಿಳಿ, ಮಜ್ಜಿಗೆ, ತಂಬುಳಿ, ಚಹಾ ಎಲ್ಲ ಅದರಲ್ಲೇ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ಕೊರೊನಾ ಕಾಲದಲ್ಲೇ ವರದಿಯಾಗಿವೆ. ವಿಟಮಿನ್ ಸಿ 500 ಮಿ.ಗ್ರಾಂ ಮಾತ್ರೆಯನ್ನು ದಿನಾ ನುಂಗಿದರೆ ಮೂತ್ರಪಿಂಡವಿಲ್ಲದ ಮೈಯಲ್ಲಿ ಆಕ್ಸಲೇಟ್ ಎಂಬ ಹರಳುಗಟ್ಟುವ ಲವಣ ಶೇಖರವಾಗುತ್ತದೆ. ಭೇದಿಗೆ ಕೊಡುವ ಓಆರ್‌ಎಸ್‌ನಲ್ಲಿ ಪೊಟ್ಯಾಸಿಯಂ ಇದೆ, ವೈದ್ಯರನ್ನು ಕೇಳದೆ ಕೊಡಬೇಡಿ. ಸುಸ್ತಾಗಿದೆ ಎಂದು ಎಳನೀರು ಕುಡಿಸುವ ಪ್ರೀತಿಯಂತೂ ಡಯಾಲಿಸಿಸ್ ಮನೆಗಳಲ್ಲಿ ದೊಡ್ಡ ಕಂಟಕ. ಧಾರೆಹುಳಿಯನ್ನು (ಸ್ಟಾರ್ ಫ್ರೂಟ್) ಮನೆಗೇ ತರಬೇಡಿ. ಅದರಲ್ಲಿರುವ ವಿಷ ಇವರ ಮೈಯಿಂದ ಹೊರಹೋಗದೆ ಬಿಡದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ ತರುತ್ತದೆ.

ರಸ್ತೆ ನಿಮ್ಮ ಕೈಯಲ್ಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾಯಿತು. ಗೋಕರ್ಣದವರಿಗೆ ಕಾರವಾರದ ನೇರ ದಾರಿ ಅದೇ. ಇಂಥ ದಿನಕ್ಕೆಂದು ಒಂದು ಫೈಲ್ ಸಿದ್ಧವಿರಲಿ: ಒಣ ತೂಕ (ಹೆಚ್ಚಿನ ನೀರೆಲ್ಲ ತೆಗೆದ ಮೇಲಿನ ತೂಕ) ಎಷ್ಟು, ಯಾವ ಡಯಲೈಜರ್, ಹೆಪಾರಿನ್ ಎಷ್ಟು, ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಪರೀಕ್ಷೆ), ಹೆಪಟೈಟಿಸ್ ಸಿ, ಎಚ್‌ಐವಿಯ ಇತ್ತೀಚಿನ ವರದಿ, ಆರೋಗ್ಯ ಕರ್ನಾಟಕ ಕಾರ್ಡಿನ ಪ್ರತಿ. ಎಲ್ಲದರ ಫೋಟೋ ಮೊಬೈಲಿನಲ್ಲೂ. ಈ ವರದಿಗಳಿಲ್ಲದೆ ಬೇರೆ ಯಾವ ಘಟಕವೂ ಯಂತ್ರ ಕೊಡಲು ಹಿಂಜರಿಯುತ್ತದೆ, ಅದು ತಪ್ಪೂ ಅಲ್ಲ. ಜಿಲ್ಲೆಯ ತಾಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಘಟಕಗಳಿವೆ. ಕುಮಟಾ ಕಡೆ ತುರ್ತಿಗೆ ಒಂದು ಪಾಳಿ ಸಿಕ್ಕೀತೇ ಎಂದು ಮಳೆ ಜೋರಾಗುವ ಮೊದಲೇ ವಿಚಾರಿಸಿಡಿ.

ಅಷ್ಟಾಗಿಯೂ ಒಂದು ಸಲ ತಪ್ಪಿತು ಎಂದುಕೊಳ್ಳಿ. ಆ ಕ್ಷಣದಿಂದ ದ್ರವ ಇನ್ನೂ ಬಿಗಿ. ಒಣಮೀನು, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಪೂರ್ತಿ ಬಂದ್. ಉಪ್ಪು ಹೋದರೆ ಬಾಯಾರಿಕೆಯೂ ಇಳಿಯುತ್ತದೆ. ಬಾಳೆಹಣ್ಣು, ಮಾವು, ಹಲಸು, ಎಳನೀರು, ಸೊಪ್ಪಿನ ರಸ, ಗೆಣಸು ಬೇಡ. ತರಕಾರಿಯನ್ನು ಸಣ್ಣಗೆ ಹೆಚ್ಚಿ ಬಹಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿ, ಆಮೇಲೆ ಒಗ್ಗರಣೆ. ದಿನಕ್ಕೆರಡು ಸಲ ತೂಕ ನೋಡಿ. 50 ಕಿಲೋ ಒಣ ತೂಕದವರಿಗೆ ಎರಡು ಡಯಾಲಿಸಿಸ್ ನಡುವೆ 2 ಕಿಲೋ ಏರಿದರೆ ಅಲ್ಲಿಗೆ ಗಡಿ ಮುಟ್ಟಿತು. ಪೊಟ್ಯಾಸಿಯಂ ಹೀರುವ ಪುಡಿಯನ್ನು ತುರ್ತಿಗೆಂದು ಬರೆದುಕೊಡಲು ವೈದ್ಯರನ್ನು ಕೇಳಬಹುದು. ಕಾಲು ಸೋತರೆ, ಎದೆ ಹಾರಿದರೆ, ಮಲಗಲು ಆಗದಿದ್ದರೆ ಅದು ಯಾವ ಆಸ್ಪತ್ರೆಯಾದರೂ ಸರಿ, ಕೂಡಲೇ ಇಸಿಜಿ ಆಗಬೇಕು.

ಲಸಿಕೆ ಕೊನೆಗೆ ಬಂತು, ಮಹತ್ವ ಕಡಿಮೆ ಎಂದಲ್ಲ. ಹೆಪಟೈಟಿಸ್ ಬಿ ಲಸಿಕೆ ಡಯಾಲಿಸಿಸ್ ರೋಗಿಗೆ ದುಪ್ಪಟ್ಟು, ಅಂದರೆ 40 ಮೈಕ್ರೋಗ್ರಾಂ. 0, 1, 2, 6ನೇ ತಿಂಗಳಿಗೆ ನಾಲ್ಕು ಸಲ. ಕೊನೆಯ ಡೋಸಿನ ಒಂದೆರಡು ತಿಂಗಳ ನಂತರ ರಕ್ತದಲ್ಲಿ ಪ್ರತಿಕಾಯ 10 ಯುನಿಟ್ (mIU/mL) ದಾಟಿದೆಯೇ ನೋಡಿಸಿ. ದಾಟದಿದ್ದರೆ ಮತ್ತೆ ಕೊಡಬೇಕಾಗುತ್ತದೆ. ಫ್ಲೂ ಲಸಿಕೆ ಪ್ರತಿ ವರ್ಷ, ಮಳೆಗಾಲಕ್ಕೆ ಮುಂಚೆ. ನ್ಯುಮೋಕಾಕಲ್ ಲಸಿಕೆ, ಕೊರೊನಾದ ಹೆಚ್ಚುವರಿ ಡೋಸು ಯಾವಾಗ ಎಂದು ತಜ್ಞರಿಂದ ಬರೆಸಿಕೊಳ್ಳಿ. ಇವರ ಮೈ ಲಸಿಕೆಗೆ ಅರೆಬರೆ ಸ್ಪಂದಿಸುವುದರಿಂದ ಮನೆಯವರೆಲ್ಲ ಹಾಕಿಸಿಕೊಳ್ಳುವುದೂ ಆಯಿಗೇ ರಕ್ಷಣೆ. ಚುಚ್ಚುವವರಿಗೆ ಎರಡು ಮಾತು ಹೇಳಿ: ಎಡಗೈ ಬೇಡ, ಬಲದೋಳಿಗೆ ಕೊಡಿ, ಡಯಾಲಿಸಿಸ್ ಮುಗಿಸಿ ಬಂದ ದಿನ ಹೆಪಾರಿನ್ ಇನ್ನೂ ರಕ್ತದಲ್ಲಿರುತ್ತದೆ, ಹಾಗಾಗಿ ಮರುದಿನ ಹಾಕಿಸಿ, ಚುಚ್ಚಿದ ಜಾಗವನ್ನು 5 ನಿಮಿಷ ಉಜ್ಜದೆ ಒತ್ತಿ ಹಿಡಿಯಿರಿ.